ಕಣ್ಣೆದುರಿನ ಪಾಲು

ಒಬ್ಬರ ಬಗ್ಗೆ ಹೀಗೆ ಬರೆಯಬೇಕಾದರೆ ಅವರು ತೀರಿಕೊಂಡಿರಬೇಕು, ಇಲ್ಲವೇ ನಿವೃತ್ತರಾಗಿ ಶಾಲು ಹೊದೆಸಿಕೊಂಡಿರಬೇಕು ಎಂಬುದು ನಮ್ಮಲ್ಲಿ ಬೆಳೆದು ಬಂದ ರೂಢಿ. ನಮ್ಮ ತಂಡೇಲರು ಎರಡನ್ನೂ ಮಾಡಿಲ್ಲ. ದೇವರ ದಯೆಯಿಂದ ಗಟ್ಟಿಮುಟ್ಟಾಗಿದ್ದಾರೆ. ನಿವೃತ್ತರಾಗುವ ಆಸೆ ಬಹಳ ಇದೆ, ಆದರೆ ಆ ಭಾಗ್ಯ ಅವರಿಗಿಲ್ಲ. ಕಾಸರಗೋಡು ಕಡೆಯ ಶಿರಿಯದ ಹೊಳೆಬದಿಯಲ್ಲಿರುವ ಒಂದು ಮೀನಿನ ಕಂಪೆನಿಯ ಶೆಡ್ಡಿನಲ್ಲಿ, ನಾನು ಈ ಸಾಲು ಬರೆಯುತ್ತಿರುವ ಹೊತ್ತಿಗೂ ಅವರು ನಿಂತೇ ಇರುತ್ತಾರೆ. ಬಿಟ್ಟು ಹೋಗುವಂತಿಲ್ಲ. ಯಾಕೆ ಹೋಗುವಂತಿಲ್ಲ ಎಂಬುದನ್ನು ಯಾರಿಗಾದರೂ ಹೇಳದೆ ನನಗೆ ಸಮಾಧಾನವಿಲ್ಲ.

ನಾನು ಆ ಕಂಪೆನಿಯಲ್ಲಿ ಕೆಲವು ವರ್ಷ ಲೆಕ್ಕ ಬರೆದವನು. ಪೈವಳಿಕೆಯ ಭಟ್ಟರ ಮನೆಯ ಹುಡುಗ ಮೀನಿನ ಕಂಪೆನಿ ಸೇರಿದ್ದು ಊರಿನಲ್ಲಿ ಬಹಳ ದಿನ ನಗೆಯ ವಿಷಯವಾಗಿತ್ತು. ನಕ್ಕವರು ಯಾರೂ ಬೇರೆ ಕೆಲಸ ಕೊಡಿಸಲಿಲ್ಲ. ಬಿಕಾಂ ಮುಗಿಸಿ ಮನೆಯಲ್ಲಿ ಕುಳಿತವನನ್ನು ಕರೆದು ಸಂಬಳ ಕೊಟ್ಟದ್ದು ಅದೊಂದೇ ಕಂಪೆನಿ. ಸಂಜೆಯ ಬಸ್ಸಿನಲ್ಲಿ ಬೇರೆಲ್ಲ ಸೀಟು ತುಂಬಿದ ಮೇಲೆ ನನ್ನ ಪಕ್ಕದ ಸೀಟು ತುಂಬುತ್ತಿತ್ತು. ಮನೆಯಲ್ಲಿ ಅಮ್ಮ ಸ್ನಾನ ಮಾಡದೆ ಜಗಲಿ ಹತ್ತಲು ಬಿಡುತ್ತಿರಲಿಲ್ಲ. ಇಂಥ ನನ್ನನ್ನು ಮೊದಲ ದಿನವೇ ಹತ್ತಿರ ಕೂರಿಸಿಕೊಂಡು ಮಾತಾಡಿಸಿದವರು ತಂಡೇಲರು. "ಭಟ್ರೇ, ಒಂದು ವಾರ ನಿಮಗೆ ವಾಸನೆ ಬರ್ತದೆ. ಮತ್ತೆ ನಿಮಗೆ ಗೊತ್ತಾಗುವುದಿಲ್ಲ, ಮನೆಯವರಿಗೆ ಮಾತ್ರ" ಎಂದು ಧೈರ್ಯ ಹೇಳಿದ್ದರು.

ತಂಡೇಲ ಎಂದರೆ ಮೀನು ಹಿಡಿಯುವ ದೋಣಿಯನ್ನು ನಡೆಸುವವನು. ಎಲ್ಲಿಗೆ ಹೋಗಬೇಕು, ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು ಎಂದು ಹೇಳುವವನು ಅವನೇ. ಇವರು ಪ್ರಾಯದ ಕಾಲವನ್ನೆಲ್ಲ ಕಡಲಿನಲ್ಲಿ ಕಳೆದು, ಬಲೆಯ ಹಗ್ಗ ಜಗ್ಗಿ ಜಗ್ಗಿ ಭುಜ ಕೈಕೊಟ್ಟ ಮೇಲೆ ದಡ ಸೇರಿದವರು. ಕಂಪೆನಿ ಅವರನ್ನು ಸಿಗಡಿ ಸುಲಿಯುವ ಶೆಡ್ಡಿನ ಮೇಲ್ವಿಚಾರಣೆಗೆ ಇಟ್ಟುಕೊಂಡಿತು. ಕೆಲಸ ಬದಲಾದರೂ ಕರೆಯುವ ಹೆಸರು ಬದಲಾಗಲಿಲ್ಲ. ಅವರ ನಿಜ ಹೆಸರು ನನಗೆ ಗೊತ್ತು, ಆದರೆ ಆ ಹೆಸರು ಹಿಡಿದು ಕರೆದರೆ ಅವರು ತಿರುಗಿ ನೋಡುವುದು ಅನುಮಾನ.

ಗಾಳಿಗೆ ಎದುರಾಗಿ ಕೂಗಿ ಅಭ್ಯಾಸವಾದ ಗಂಟಲು ಅವರದು. ಕಂಪೆನಿಯ ಧಣಿಗಳ ಗಾಜಿನ ಕೋಣೆಗೆ ಬಂದು ಗುಟ್ಟಿನಲ್ಲಿ ಒಂದು ಮಾತು ಹೇಳಿದರೆ ಅದು ಆಚೆ ಕಡೆಯ ಐಸ್ ಪ್ಲಾಂಟಿನವರಿಗೂ ಕೇಳುತ್ತಿತ್ತು. ಹಾಗಾಗಿ ಗುಟ್ಟು ಇಟ್ಟುಕೊಳ್ಳುವ ಗೋಜಿಗೇ ಅವರು ಹೋದವರಲ್ಲ. ಕುರ್ಚಿ ತೋರಿಸಿದರೆ ಬೇಡವೆಂದು ಮೀನಿನ ಕ್ರೇಟನ್ನು ಕವುಚಿ ಹಾಕಿ ಕೂರುತ್ತಿದ್ದರು. ಇನ್ನು, ತಿನ್ನುವ ವಸ್ತು ಏನಾದರೂ ಕೈಗೆ ಬಂದರೆ ಎದುರಿಗಿದ್ದವರಿಗೆಲ್ಲ ಹಂಚದೆ ಬಾಯಿಗೆ ಹಾಕಿಕೊಂಡದ್ದನ್ನು ನಾನು ಕಂಡಿಲ್ಲ. ಬೇರೆಯವರಲ್ಲಿ ಅದು ಮರ್ಯಾದೆ, ಇವರಲ್ಲಿ ಒಂದು ಕಾಯಿಲೆಯೇ ಆಗಿತ್ತು. ಒಮ್ಮೆ ಚಹಾದ ಹೊತ್ತಿಗೆ ಒಂದೇ ಒಂದು ಗೋಳಿಬಜೆ ಉಳಿದಿತ್ತು. ಅದನ್ನು ಚೂರು ಚೂರು ಮಾಡಿ ಅಲ್ಲಿ ಕುಳಿತಿದ್ದ ಅಷ್ಟೂ ಜನರ ಅಂಗೈಗೆ ಹಾಕಿದರು. ನನ್ನ ಪಾಲಿಗೆ ಬಂದದ್ದು ಒಂದು ಶುಂಠಿಯ ತುಣುಕು. ನಾನು ನಕ್ಕೆ. ಅವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಇದೆಲ್ಲ ದೋಣಿಯಿಂದ ಬಂದ ಗುಣ. ಅಲ್ಲಿ ಸಂಬಳ ಎಂಬುದಿಲ್ಲ, ಇರುವುದು ಪಾಲು. ಮೀನು ಮಾರಿ ಬಂದ ಹಣದಲ್ಲಿ ಡೀಸೆಲ್ಲು, ಐಸಿನ ಖರ್ಚು ತೆಗೆದು, ದೋಣಿಯ ಧಣಿಯ ಪಾಲು ತೆಗೆದು, ಉಳಿದದ್ದು ಕಡಲಿಗೆ ಹೋದವರಿಗೆಲ್ಲ. ಮನೆಯ ಅಡುಗೆಗೆಂದು ತೆಗೆದಿಟ್ಟ ಮೀನನ್ನು ಮರಳಿನ ಮೇಲೆ ಗುಪ್ಪೆ ಗುಪ್ಪೆಯಾಗಿ ಹಾಕುತ್ತಾರೆ. ಒಬ್ಬ ಬೆನ್ನು ತಿರುಗಿಸಿ ಕಡಲಿನ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಪ್ಪೆಗೆ ಕೈ ತೋರಿಸಿ ಇದು ಯಾರಿಗೆ ಎಂದು ಕೇಳುತ್ತಾನೆ. ತಿರುಗಿ ನಿಂತವನು ಒಂದು ಹೆಸರು ಹೇಳುತ್ತಾನೆ. ಗುಪ್ಪೆಯನ್ನೇ ನೋಡದವನು ಹೇಳಿದ ಹೆಸರಿಗೆ ಯಾರೂ ತಕರಾರು ತೆಗೆಯುವಂತಿಲ್ಲ. ತಂಡೇಲರು ಈ ಕ್ರಮವನ್ನು ಕಂಪೆನಿಯ ಶೆಡ್ಡಿಗೂ ತಂದಿದ್ದರು. ಪ್ಯಾಕಿಂಗಿಗೆ ಆಗದ ಸಣ್ಣಪುಟ್ಟ ಮೀನನ್ನು ಶನಿವಾರ ಕೆಲಸದವರಿಗೆ ಬಿಡುವುದಿತ್ತು. ಅಂಗಳದಲ್ಲಿ ಗುಪ್ಪೆ ಬೀಳುತ್ತಿತ್ತು. ಹೊಳೆಯ ಕಡೆ ಮುಖ ಮಾಡಿ ನಿಂತು ಹೆಸರು ಹೇಳುವವರು ತಂಡೇಲರ ಅಕ್ಕ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಬೆಳೆಸಿದವರು ಅವರೇ. ಅವರೂ ಅದೇ ಶೆಡ್ಡಿನಲ್ಲಿ ಸಿಗಡಿ ಸುಲಿಯುತ್ತಿದ್ದರು.

ಆ ಹೆಸರುಗಳ ನಡುವೆ 'ಭಟ್ರು' ಎಂಬುದೂ ಬರುತ್ತಿತ್ತು. ಲೆಕ್ಕ ಬರೆದವನೂ ಕೆಲಸಕ್ಕೆ ಕೈ ಹಾಕಿದವನೇ, ಆದ್ದರಿಂದ ಪಾಲುಗಾರನೇ ಎಂಬುದು ತಂಡೇಲರ ವಾದ. ನಾನು ಮೀನು ತಿನ್ನುವವನಲ್ಲ ಎಂಬುದು ಅವರಿಗೆ ದೊಡ್ಡ ತೊಡಕಾಯಿತು. ಕೊನೆಗೆ ನನ್ನ ಗುಪ್ಪೆಯನ್ನು ಪೇಟೆಯಲ್ಲಿ ಮಾರಿ ಸೋಮವಾರ ಒಂದು ಚಿಪ್ಪು ಬಾಳೆಹಣ್ಣೋ ಒಂದು ಸೌತೆಕಾಯಿಯೋ ತಂದು ನನ್ನ ಮೇಜಿನ ಮೇಲೆ ಇಡತೊಡಗಿದರು. ಒಂದು ಸಲ ಬೇಡವೆಂದದ್ದಕ್ಕೆ ಅವರಿಗೆ ನಿಜವಾಗಿಯೂ ಬೇಸರವಾಯಿತು. ಇದು ನಾನು ಕೊಡುವುದಲ್ಲ, ನಿಮ್ಮದೇ, ಬೇಡ ಅನ್ನುವುದು ಹೇಗೆ ಎಂದು ಕೇಳಿದರು. ಆ ಸೌತೆಕಾಯಿಯ ಸಾಂಬಾರನ್ನು ಅಮ್ಮ ಮಡಿಯಲ್ಲಿ ಬಡಿಸುವಾಗ ಅದರ ಮೂಲದ ಬಗ್ಗೆ ನಾನು ಬಾಯಿ ಬಿಡಲಿಲ್ಲ.

ಒಂದು ವರ್ಷ ಕಂಪೆನಿಗೆ ಕೈತುಂಬ ಲಾಭ ಬಂತು. ಹೊರದೇಶದಲ್ಲಿ ಸಿಗಡಿಯ ಬೆಲೆ ಏರಿತ್ತು. ಹೊಸ ಕೋಲ್ಡ್ ಸ್ಟೋರೇಜು ಎದ್ದಿತು, ಧಣಿಗಳ ಮನೆಗೆ ಹೊಸ ಕಾರು ಬಂತು. ಇದರಲ್ಲಿ ಸುಲಿಯುವ ಹೆಂಗಸರಿಗೆ ಎಂತ ಉಂಟು ಎಂದು ತಂಡೇಲರು ನನ್ನನ್ನು ಕೇಳಿದರು. ನಾನು ಬಿಕಾಂ ಓದಿದ ಗತ್ತಿನಲ್ಲಿ ವಿವರಿಸಿದೆ: ಬಂಡವಾಳ ಧಣಿಗಳದು, ಬ್ಯಾಂಕಿನ ಸಾಲ ಧಣಿಗಳ ತಲೆಯ ಮೇಲೆ, ಹೆಂಗಸರಿಗೆ ಕಿಲೋಗೆ ಇಷ್ಟು ಎಂದು ಮಾತಾಗಿದೆ, ಅದು ಸರಿಯಾಗಿ ಸಿಗುತ್ತಿದೆ. ಲಾಭದಲ್ಲಿ ಪಾಲು ಬೇಕಾದರೆ ನಷ್ಟದಲ್ಲೂ ಪಾಲು ತೆಗೆದುಕೊಳ್ಳಬೇಡವೇ ಎಂದು ಕೊನೆಗೆ ಒಂದು ಪೆಟ್ಟು ಹಾಕಿದೆ. ಅದಕ್ಕೆ ಉತ್ತರವಿಲ್ಲ ಎಂದುಕೊಂಡಿದ್ದೆ.

"ಮೀನು ಬಾರದ ದಿವಸ ಇವರು ಬಂದು ಗೇಟಿನ ಹತ್ತಿರ ಕೂತು ವಾಪಸ್ ಹೋಗ್ತಾರೆ. ಆ ದಿವಸದ್ದು ನೀವು ಎಂತ ಕೊಡ್ತೀರಿ?" ಎಂದರು ತಂಡೇಲರು. "ನಷ್ಟದ ಪಾಲು ಅವರಿಗೆ ಈಗಲೇ ಉಂಟು ಮಾರಾಯ್ರೆ. ಲಾಭದ್ದು ಮಾತ್ರ ಬಾಕಿ."

ಆಮೇಲೆ ಇದು ನಮ್ಮಿಬ್ಬರ ನಿತ್ಯದ ಚರ್ಚೆಯಾಯಿತು. ಕೊಡುವುದು ಬಿಡುವುದು ಧಣಿಗಳ ಮನಸ್ಸಿಗೆ ಬಿಟ್ಟದ್ದು ಎಂದು ನಾನು ಹೇಳಿದರೆ, ಮನಸ್ಸು ಬಂದಾಗ ಕೊಡುವುದಕ್ಕೆ ದಾನ ಎಂದು ಹೆಸರು, ಪಾಲು ಎಂದಲ್ಲ, ಕಾನೂನು ಮಾಡಿ ಕೊಡಿಸಬೇಕು ಎಂದು ಅವರು. ದೋಣಿಯ ಧಣಿಯೂ ದೊಡ್ಡ ಪಾಲನ್ನೇ ಹೊಡೆಯುತ್ತಾನಲ್ಲ ಎಂದು ನಾನು ಕೆಣಕಿದೆ. "ಹೊಡೀತಾನೆ. ಆದ್ರೆ ನಮ್ಮ ಕಣ್ಣೆದುರೇ ಹೊಡೀತಾನೆ" ಎಂದರು. ಅವರ ಗಂಟಲಿನ ದೆಸೆಯಿಂದ ಈ ಚರ್ಚೆಯೆಲ್ಲ ಧಣಿಗಳಿಗೂ ಕೇಳುತ್ತಿತ್ತು.

ನಮ್ಮ ಧಣಿಗಳು ಕೆಟ್ಟವರೆಂದು ನಾನು ಹೇಳಲಾರೆ. ಕೆಲಸದವರ ಮನೆಯ ಮದುವೆಗೆ ತಪ್ಪದೆ ಹೋಗಿ ಊಟ ಮಾಡಿ ಬರುವವರು. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಒಂದು ದಿನ ತಂಡೇಲರನ್ನು ಕರೆದು, ಇಷ್ಟು ದಿನ ಪಾಲು ಪಾಲು ಎಂದು ಹೇಳುತ್ತಿದ್ದೀರಲ್ಲ, ಇನ್ನು ಮುಂದೆ ನಿಮಗೆ ಪಾಲೇ ಕೊಡುತ್ತೇನೆ ಎಂದರು. ಸುಲಿದ ಸಿಗಡಿಯ ಪ್ರತಿ ಕಿಲೋದ ಮೇಲೆ ಶೇಕಡಾ ಇಷ್ಟು ಎಂದು ತಂಡೇಲರಿಗೆ. ಹೆಂಗಸರ ಕೂಲಿಯೂ ಅವರ ಕೈಯಿಂದಲೇ ಹೋಗಬೇಕು. ಕಾಗದದಲ್ಲಿ ಅವರು ಕಂಟ್ರಾಕ್ಟರು.

ಇದರ ಅರ್ಥವೇನೆಂದು ನನಗೆ ಗೊತ್ತಿತ್ತು, ಚಹಾದ ಹೊತ್ತಿಗೆ ತಂಡೇಲರಿಗೆ ಬಿಡಿಸಿಯೂ ಹೇಳಿದೆ. ಇನ್ನು ಮುಂದೆ ಆ ಹೆಂಗಸರು ಕಂಪೆನಿಯ ಕೆಲಸದವರಲ್ಲ, ನಿಮ್ಮ ಕೆಲಸದವರು, ಅವರಿಗೆ ಏನೇ ಸಲ್ಲಬೇಕಾದರೂ ನೀವೇ ಜವಾಬ್ದಾರಿ ಎಂದೆ. ಅವರು ನಕ್ಕುಬಿಟ್ಟರು. ತಂಡೇಲ ಎಂದರೆ ಮತ್ತೆಂತ ಭಟ್ರೇ ಎಂದರು. ದೋಣಿಗೆ ಜನ ಕೂಡಿಸುವವನು ಅವನೇ, ಧಣಿಯ ಕೈಯಿಂದ ತೆಗೆದು ಜನರ ಕೈಗೆ ಕೊಡುವವನು ಅವನೇ, ಜನರಿಗೆ ಏನಾದರೂ ಆದರೆ ಉತ್ತರ ಹೇಳುವವನೂ ಅವನೇ. ಹುಟ್ಟಿದಾಗಿನಿಂದ ನೋಡಿದ ಕೆಲಸವನ್ನೇ ಪುನಃ ಕೊಟ್ಟಿದ್ದಾರೆಂದು ಅವರು ತಿಳಿದರು. ಆದರೆ ದೋಣಿಯಲ್ಲಿ ತಂಡೇಲ ಎಷ್ಟು ದೊಡ್ಡವನಾದರೂ ಜನರ ಕಡೆಯವನು, ಪಾಲು ತೆಗೆಯುವವನು. ಧಣಿ ಬೇರೆ. ದಡದ ಕಾಗದದಲ್ಲಿ ನಡುವೆ ನಿಂತವನನ್ನೇ ಧಣಿ ಎನ್ನುತ್ತಾರೆ. ಕಡಲಿನಿಂದ ಬಂದವರು ಮಾತ್ರ ಮಾಡಬಹುದಾದ ತಪ್ಪು ಅದು. ನನ್ನಂಥವನಾಗಿದ್ದರೆ ಸಂಶಯಪಟ್ಟು ಹತ್ತು ಮಾರು ದೂರ ನಿಲ್ಲುತ್ತಿದ್ದ.

ಮೊದಲ ಕೆಲವು ತಿಂಗಳು ಆ ಶೆಡ್ಡಿನಲ್ಲಿ ಹಬ್ಬವೇ. ತಮಗೆ ಬಂದ ಶೇಕಡಾದಲ್ಲಿ ತಂಡೇಲರು ಎಲ್ಲವನ್ನೂ ಇಟ್ಟುಕೊಳ್ಳಲಿಲ್ಲ. ದೋಣಿಯ ಕ್ರಮದಂತೆ ತಂಡೇಲನಿಗೆಂದು ಒಂದೂವರೆ ಪಾಲು ತೆಗೆದು, ಉಳಿದದ್ದನ್ನು ಹೆಂಗಸರಿಗೆಲ್ಲ ಸಮ ಹಂಚಿದರು. ಅದನ್ನು ಕವರಿನಲ್ಲಿ ಹಾಕಿ ಕೊಟ್ಟರೆ ಆಗುತ್ತಿತ್ತು, ಆದರೆ ಅವರ ಮನಸ್ಸು ಒಪ್ಪಬೇಕಲ್ಲ. ಅಂಗಳದಲ್ಲಿ ಚಾಪೆ ಹಾಸಿ, ನೋಟುಗಳ ಮೇಲೆ ಗಾಳಿಗೆ ಹಾರದಂತೆ ಕಪ್ಪೆಚಿಪ್ಪುಗಳನ್ನಿಟ್ಟು, ಅಕ್ಕನನ್ನು ಹೊಳೆಯ ಕಡೆ ತಿರುಗಿಸಿ ನಿಲ್ಲಿಸುತ್ತಿದ್ದರು. ಎಲ್ಲ ಪಾಲೂ ಸಮವಾಗಿರುವಾಗ ತಿರುಗಿ ನಿಲ್ಲುವುದೇಕೆ ಎಂದು ಹೆಂಗಸರು ನಗೆಯಾಡಿದರೆ, ಕ್ರಮ ಅಂದರೆ ಕ್ರಮ ಎನ್ನುತ್ತಿದ್ದರು. ಅಕ್ಕ ಒಬ್ಬೊಬ್ಬರ ಹೆಸರು ಕರೆಯುವಾಗಲೂ ಎಂಥ ಸಂಭ್ರಮ! ನಾನು ಕಿಟಕಿಯಿಂದ ನೋಡುತ್ತಿದ್ದೆ. ಧಣಿಗಳೂ ಗಾಜಿನ ಕೋಣೆಯಿಂದ ನೋಡುತ್ತಿದ್ದರು, ಮುಖದಲ್ಲಿ ನಗು ಇರುತ್ತಿತ್ತು.

ಓಣಂ ಬಂತು. ಐಸ್ ಪ್ಲಾಂಟಿನವರಿಗೆ, ಡ್ರೈವರುಗಳಿಗೆ, ಆಫೀಸಿನ ನಮಗೆ ಬೋನಸ್ ಸಿಕ್ಕಿತು. ಸುಲಿಯುವ ಹೆಂಗಸರಿಗೆ ಹಿಂದಿನ ವರ್ಷಗಳಲ್ಲಿ ಒಂದು ಸೀರೆಯೂ ಪಾಯಸದ ಸಾಮಾನಿನ ಕಿಟ್ಟೂ ಸಿಗುತ್ತಿತ್ತು. ಈ ಸಲ ಅದೂ ಇಲ್ಲ, ನಿಮ್ಮ ಕಂಟ್ರಾಕ್ಟರನ್ನು ಕೇಳಿ ಎಂದು ಉತ್ತರ ಬಂತು. ಹೆಂಗಸರಿಗಿಂತ ಹೆಚ್ಚು ಸಿಟ್ಟಾದವರು ತಂಡೇಲರು. ಅಷ್ಟು ಲಾಭ ಮಾಡಿದ ಕಂಪೆನಿ ಬೋನಸ್ ಕೊಡದಿರುವುದು ಹೇಗೆಂದು ನೋಡೋಣ, ಲೇಬರ್ ಆಫೀಸಿಗೆ ಹೋಗಿ ಎಂದು ಅವರೇ ಹೆಂಗಸರನ್ನು ಹೊರಡಿಸಿದರು. ತಾವೂ ಜೊತೆಗೆ ಹೋದರು.

ಕಾಸರಗೋಡಿನ ಆ ಆಫೀಸಿನಲ್ಲಿ ಅಧಿಕಾರಿಗೆ ಬರುವುದು ಮಲಯಾಳ ಒಂದೇ. ಹೆಂಗಸರದು ತುಳು, ಒಂದಿಷ್ಟು ಕನ್ನಡ. ಕಂಪೆನಿಯ ಕಾಗದಪತ್ರ ಹಿಡಿದು ಹೋಗಿದ್ದ ನನ್ನನ್ನೇ ನಡುವೆ ಕೂರಿಸಿ ಭಾಷಾಂತರ ಮಾಡಲು ಹೇಳಿದರು. ಹೆಂಗಸರ ಪರವಾಗಿ ಅಕ್ಕ ಎದ್ದು ನಿಂತರು. ನಿಮಗೆ ಕೂಲಿ ಕೊಡುವವರು ಯಾರು ಎಂದು ಅಧಿಕಾರಿ ಕೇಳಿದರು, ನಾನು ತುಳುವಿಗೆ ತಿರುಗಿಸಿದೆ. ನನ್ನ ತಮ್ಮ ಎಂದರು ಅಕ್ಕ. ಯಾವಾಗ ಬರಬೇಕು, ಯಾವಾಗ ಹೋಗಬೇಕು ಎಂದು ಹೇಳುವವರು? ತಮ್ಮನೇ. ಕೂಲಿಯಲ್ಲದೆ ಬೇರೆ ಏನಾದರೂ ಕೊಡುವುದಿದೆಯೇ?

ಅಕ್ಕನ ಮುಖ ಅರಳಿತು. ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ಕೊಡ್ತಾನೆ. ಅವನಿಗೆ ಬಂದದ್ದನ್ನು ಎಲ್ಲರ ಎದುರು ಚಾಪೆಯಲ್ಲಿ ಇಟ್ಟು ಸಮ ಪಾಲು ಮಾಡಿ ಕೊಡ್ತಾನೆ. ಹಾಗೆ ಕೊಡುವವ ಈ ಊರಲ್ಲಿ ಬೇರೆ ಇಲ್ಲ ಅಂತ ಬರ್ಕೊಳ್ಳಿ."

ಅಧಿಕಾರಿ ಬರೆದುಕೊಂಡರು. ಕಂಪೆನಿಗೆ ನಾಚಿಕೆಯಾಗಲಿ ಎಂದು ಅಕ್ಕ ಅದನ್ನು ಹೇಳಿದ್ದು. ಉಳಿದ ಹೆಂಗಸರೂ ಒಬ್ಬರಾದ ಮೇಲೊಬ್ಬರು ಎದ್ದು ಹೆಮ್ಮೆಯಿಂದ ಅದನ್ನೇ ಹೇಳಿದರು. ಹಿಂದಿನ ಬೆಂಚಿನಲ್ಲಿ ಕುಳಿತ ತಂಡೇಲರು ಹೌದೌದು ಎಂದು ತಲೆಯಾಡಿಸುತ್ತಿದ್ದರು. ಕಂಪೆನಿಯ ಹಣವನ್ನು ಈ ಕೈಯಿಂದ ಆ ಕೈಗೆ ದಾಟಿಸುವ ಬರೀ ನೌಕರ ಇವರೆಂದು ಕಂಡಿದ್ದರೆ ಅಧಿಕಾರಿ ಕಂಪೆನಿಯನ್ನೇ ಹಿಡಿಯುತ್ತಿದ್ದರೋ ಏನೋ. ಆದರೆ ತನ್ನ ಗಳಿಕೆಯಲ್ಲಿ ತಾನೇ ನಿಂತು ಕೆಲಸದವರಿಗೆ ಹಂಚುವವನನ್ನು ಧಣಿ ಎನ್ನದೆ ಬೇರೇನೆನ್ನುವುದು? ಹಾಗಾದರೆ ಬೋನಸ್ ಕೊಡಬೇಕಾದವರು ಅವರೇ ಎಂದು ಅಧಿಕಾರಿ ನನ್ನ ಕಡೆ ನೋಡಿದರು. ಆ ವಾಕ್ಯವನ್ನೂ ನಾನು ತುಳುವಿಗೆ ತಿರುಗಿಸಿದೆ. ಅಕ್ಕನಿಗೆ ಅರ್ಥವಾಗಲಿಲ್ಲ, ಯಾರು ಎಂದು ಕೇಳಿದರು. ನಾನು ಇನ್ನೊಮ್ಮೆ ಹೇಳಬೇಕಾಯಿತು. ಅವರು ನಿಧಾನಕ್ಕೆ ತಿರುಗಿ ತಮ್ಮನನ್ನು ನೋಡಿದರು.

ಮರಳಿ ಬಂದು ಬಸ್ಸಿಳಿದ ಮೇಲೆ ಹೆಂಗಸರೆಲ್ಲ ತಂಡೇಲರ ಸುತ್ತ ನಿಂತು ನಮಗೆ ಬೋನಸ್ಸೇ ಬೇಡ ಎಂದರು. ಅಕ್ಕ ಅಳುತ್ತಿದ್ದರು. ತಂಡೇಲರು ಹೇಳಿದ ಮಾತು ಪಕ್ಕದಲ್ಲಿ ನಿಂತ ನನಗೇ ಕಷ್ಟದಿಂದ ಕೇಳಿತು. "ಇಷ್ಟು ವರ್ಷ ಕೊಡ್ಬೇಕು ಕೊಡ್ಬೇಕು ಅಂತ ಬೊಬ್ಬೆ ಹಾಕಿದವ ನಾನು. ಈಗ ಕೊಡುವವ ನಾನೇ ಆದ ಕೂಡ್ಲೇ ಬೇಡ ಅಂತ ಆಗ್ತದಾ?"

ಆಗುತ್ತದೆ ಎಂದು ಯಾರಾದರೂ ಅವರಿಗೆ ಹೇಳಬೇಕಿತ್ತು. ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ. ಅಷ್ಟೊಂದು ಹಣ ಅವರ ಕೈಯಲ್ಲಿ ಎಲ್ಲಿತ್ತು? ಧಣಿಗಳು ಬಹಳ ಮರುಗಿದರು. ಆ ಹಣವನ್ನು ತಾವೇ ಕೊಟ್ಟು, ತಂಡೇಲರ ಶೇಕಡಾದಲ್ಲಿ ಸ್ವಲ್ಪ ಸ್ವಲ್ಪವಾಗಿ ಮುರಿದುಕೊಳ್ಳುವುದೆಂದು ಮಾಡಿದರು. ಅದು ತೀರುವ ತನಕ ತಂಡೇಲರು ಬಿಡುವಂತಿಲ್ಲ. ತೀರುವ ಹೊತ್ತಿಗೆ ಇನ್ನೊಂದು ಓಣಂ ಬರುತ್ತದೆ. ಎಲ್ಲವನ್ನೂ ಎಸೆದು ಹೋಗೋಣವೆಂದರೆ ಅದಕ್ಕೂ ಧಣಿಗಳು ಬಾಗಿಲು ಹಾಕಿಟ್ಟಿದ್ದರು. ನೀವಿಲ್ಲದೆ ಈ ಶೆಡ್ಡು ನಡೆಯುವುದಿಲ್ಲ ತಂಡೇಲರೇ, ನೀವು ಹೋದರೆ ಸಿಗಡಿಯನ್ನು ಬೇರೆ ಕಡೆ ಸುಲಿಯಲು ಕಳಿಸಬೇಕಾಗುತ್ತದೆ ಎಂದು ನನ್ನೆದುರೇ ಹೇಳಿದರು. ಹೊಗಳಿಕೆಯ ದನಿಯಲ್ಲಿ ಹೇಳಿದರು. ಆ ಹೆಂಗಸರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಬೇರೆ ಕೆಲಸವಿಲ್ಲ ಎಂಬುದು ಧಣಿಗಳಿಗೂ ಗೊತ್ತು, ತಂಡೇಲರಿಗೂ ಗೊತ್ತು. ನನಗೆ ಆ ದಿನ ಧಣಿಗಳ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ, ಆದರೆ ಇಂಥ ತಪ್ಪು ಮಾಡಿದರು ಎಂದು ಬೆರಳಿಟ್ಟು ತೋರಿಸುವಂಥದ್ದೇನೂ ನನ್ನ ಕೈಗೆ ಸಿಗಲಿಲ್ಲ.

ಅಲ್ಲಿಂದ ಮುಂದೆ ನಾನು ಕಂಡದ್ದು ಬೇರೆಯೇ ತಂಡೇಲರನ್ನು. ಹೆಚ್ಚು ಕಿಲೋ ಆದರೆ ಹೆಚ್ಚು ಶೇಕಡಾ, ಹೆಚ್ಚು ಶೇಕಡಾ ಆದರೆ ಬೇಗ ತೀರುತ್ತದೆ. ಹಾಗಾಗಿ ಅವರು ಸುಲಿಯುವವರ ಹಿಂದೆ ನಿಲ್ಲತೊಡಗಿದರು. ಚಹಾಕ್ಕೆ ಎದ್ದವರು ಬೇಗ ಮರಳಲಿ ಎಂದು ಬಾಗಿಲ ಹತ್ತಿರ ಕಾಯತೊಡಗಿದರು. ಅಂಗಳದ ಚಾಪೆ ಸುರುಳಿ ಸುತ್ತಿಕೊಂಡು ಮೂಲೆ ಸೇರಿತು, ಹಂಚುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಅಕ್ಕ ಹೇಳಿದ್ದು ಸತ್ಯವನ್ನು, ಆದರೂ ತಾನೇ ತಮ್ಮನನ್ನು ಕಟ್ಟಿಹಾಕಿದೆ ಎಂಬ ಕೊರಗು ಅವರಿಗೆ ಹತ್ತಿಕೊಂಡಿತು. ಕೆಲಸ ಬಿಟ್ಟರೆ ತಮ್ಮನ ಶೆಡ್ಡಿನಲ್ಲಿ ಅಷ್ಟು ಕಿಲೋ ಕಡಿಮೆಯಾಗುತ್ತದೆಂದು ಬಿಡಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಎಲ್ಲರ ನಂತರ ಏಳುತ್ತಿದ್ದರು. ತಮ್ಮನೂ ಅಕ್ಕನೂ ಒಟ್ಟಿಗೆ ಮನೆಗೆ ನಡೆಯುವುದು ನಿಂತುಹೋಯಿತು. ಒಂದೇ ದಾರಿಯಲ್ಲಿ ಅಕ್ಕ ಮುಂದೆ, ತಮ್ಮ ಅಷ್ಟು ದೂರ ಹಿಂದೆ ಹೋಗುವುದನ್ನು ನಾನು ಬಸ್ಸಿಗೆ ಕಾಯುತ್ತ ನೋಡಿದ್ದೇನೆ.

ನನಗೆ ನಮ್ಮ ಊರ ಹತ್ತಿರದ ಬಾಯಾರಿನಲ್ಲಿ ಒಂದು ಸಹಕಾರಿ ಸಂಘದ ಕೆಲಸ ಸಿಕ್ಕಿತು, ಬಿಟ್ಟು ಬಂದೆ. ನಾನು ಬಿಟ್ಟು ಬರಬಹುದಿತ್ತು.

ಮೊನ್ನೆ ಸಂಘದಲ್ಲಿ ಪೇಪರು ಓದುತ್ತ ನಮ್ಮವರೆಲ್ಲ ಜೋರು ಚರ್ಚೆಗಿಳಿದಿದ್ದರು. ಕಂಪೆನಿಗಳು ಲಾಭದಲ್ಲಿ ಕೆಲಸದವರಿಗೆ ಪಾಲು ಕೊಡಲೇಬೇಕೆಂದು ಕಾನೂನು ಬರಬೇಕು ಎಂದು ಒಬ್ಬರು, ಬಂದರೆ ಕಂಪೆನಿ ನಡೆಸುವವರೇ ಇರಲಾರರು ಎಂದು ಇನ್ನೊಬ್ಬರು. ಮರುದಿನ ರಜೆ ಹಾಕಿ ಶಿರಿಯಕ್ಕೆ ಹೋದೆ. ತಂಡೇಲರು ಶೆಡ್ಡಿನ ಹೊರಗೆ ಕ್ರೇಟಿನ ಮೇಲೆ ಕುಳಿತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮನೆ, ಮಕ್ಕಳು ಎಲ್ಲ ವಿಚಾರಿಸಿದ ಮೇಲೆ ನಾನು ಹಳೆಯ ಸಲಿಗೆಯಿಂದ ಆ ಚರ್ಚೆಯನ್ನು ಎತ್ತಿದೆ. ಅಂಥ ಕಾನೂನು ಬರಬೇಕೇ ಬೇಡವೇ, ಈಗ ಹೇಳಿ ಎಂದೆ.

"ಬಂದ್ರೆ ಮೊದಲು ಹಿಡಿಯುವುದು ನನ್ನನ್ನೇ ಅಲ್ವಾ ಭಟ್ರೇ?"

ಹೌದು ಎಂದೆ. ಅವರ ಹತ್ತಿರ ಸುಳ್ಳು ಹೇಳಿ ಉಪಯೋಗವಿರಲಿಲ್ಲ. ಹಾಗಾದರೆ ಬೇಡ ಎಂದು ಅವರು ಹೇಳಲಿ ಎಂದು ನನಗೆ ಬಹಳ ಆಸೆಯಾಯಿತು. ಅದೊಂದು ಮಾತನ್ನಾದರೂ ಅವರು ತಮಗಾಗಿ ಆಡಿಕೊಳ್ಳಬಾರದೇ?

"ಬರ್ಬೇಕು" ಎಂದರು. "ಅಕ್ಕನನ್ನು ಪುನಃ ಕರೆದು ಕೇಳ್ತಾರೆ. ಅವಳು ಪುನಃ ನನ್ನ ಹೆಸರೇ ಹೇಳ್ಲಿ."

ಗೇಟಿನಲ್ಲಿ ಲಾರಿಯ ಹಾರನ್ ಕೇಳಿತು. ತಂಡೇಲರು ಭುಜ ಹಿಡಿದುಕೊಂಡು ಎದ್ದರು. ಒಳಗೆ ಹೋಗಿ, ತಲೆ ತಗ್ಗಿಸಿ ಸಿಗಡಿ ಸುಲಿಯುತ್ತಿದ್ದ ಹೆಂಗಸರ ಸಾಲಿನ ಹಿಂದೆ ನಡೆಯುತ್ತ ಬೇಗ ಬೇಗ ಎನ್ನತೊಡಗಿದರು. ಅಕ್ಕನ ಹಿಂದೆ ಬಂದಾಗ ಒಂದು ಗಳಿಗೆ ನಿಂತರು. ಅಲ್ಲಿಯೂ ಅದನ್ನೇ ಹೇಳಿ ಮುಂದೆ ಹೋದರು.